ಛಲಕ್ಕೆ ತೆರಿಗೆ ವಿನಾಯಿತಿ

ಒಬ್ಬನೇ ಬೆಟ್ಟ ಒಡೆದು ದಾರಿ ಮಾಡಿದ ದಶರಥ ಮಾಂಝಿಗೆ ಬಿಹಾರ ಸರ್ಕಾರ ಏನೂ ಮಾಡಲಿಲ್ಲ ಎಂದು ಗೊಣಗುವವರು ಪೂರ್ತಿ ಲೆಕ್ಕ ನೋಡಿಲ್ಲ. 2015ರಲ್ಲಿ ಆತನ ಬದುಕು 'ಮಾಂಝಿ: ದಿ ಮೌಂಟನ್ ಮ್ಯಾನ್' ಎಂಬ ಸಿನಿಮಾ ಆದಾಗ ಅದಕ್ಕೆ ತೆರಿಗೆಯನ್ನೇ ಮನ್ನಾ ಮಾಡಿತಲ್ಲ! ಬೆಟ್ಟ ಒಡೆಯುವುದಕ್ಕೆ ಸಿಡಿಮದ್ದು ಬೇಕು, ಅನುದಾನ ಬೇಕು, ಎಂಜಿನಿಯರ್ ಬೇಕು. ತೆರಿಗೆ ಬಿಡುವುದಕ್ಕೆ ಒಂದು ಸಹಿ ಸಾಕು. ಸರ್ಕಾರದ ನಿರ್ಲಕ್ಷ್ಯದ ಕತೆಯನ್ನು ಪ್ರಜೆಗಳು ಅಗ್ಗದ ಟಿಕೆಟ್ಟಿನಲ್ಲಿ ನೋಡಲಿ ಎಂದು ಸರ್ಕಾರವೇ ಹರಸುವುದು ಸಣ್ಣ ಗುಣವೇನಲ್ಲ.

ಕತೆ ಎಲ್ಲರಿಗೂ ಗೊತ್ತಿರುವುದೇ. ಗಯಾ ಜಿಲ್ಲೆಯ ಗೆಹಲೌರ್, ಮುಸಹರ್ ಜಾತಿಯ ಕೂಲಿಯಾಳು, ಊರಿಗೂ ಆಸ್ಪತ್ರೆಗೂ ನಡುವೆ ಬೆಟ್ಟ. 1959ರಲ್ಲಿ ಹೆಂಡತಿ ಫಲ್ಗುಣಿ ಸಕಾಲಕ್ಕೆ ಚಿಕಿತ್ಸೆ ಸಿಗದೆ ತೀರಿಕೊಂಡಳು. ಮೇಕೆ ಮಾರಿ ಸುತ್ತಿಗೆ, ಉಳಿ ಕೊಂಡ ಮಾಂಝಿ 1960ರಿಂದ 1982ರವರೆಗೆ ಬಂಡೆ ಕುಟ್ಟಿದ. 110 ಮೀಟರ್ ಉದ್ದ, ಸುಮಾರು 9 ಮೀಟರ್ ಅಗಲದ ದಾರಿಯಾಯಿತು. ಅತ್ರಿಯಿಂದ ವಜೀರ್‌ಗಂಜ್‌ಗೆ ಇದ್ದ 55 ಕಿ.ಮೀ. ಸುತ್ತು 15ಕ್ಕೆ ಇಳಿಯಿತು.

ದಿನಕ್ಕೆ ಎಷ್ಟಾಯಿತು? ಒಂದೂವರೆ ಸೆಂಟಿಮೀಟರೂ ಇಲ್ಲ. ಲೋಕೋಪಯೋಗಿ ಇಲಾಖೆಯ ಕಣ್ಣಿನಲ್ಲಿ ನೋಡಿದರೆ ಇದು ಶುದ್ಧ ಅಕ್ರಮ ಕಾಮಗಾರಿ. ಟೆಂಡರ್ ಇಲ್ಲ, ಅಂದಾಜು ಪಟ್ಟಿ ಇಲ್ಲ, ಅಳತೆ ಪುಸ್ತಕದಲ್ಲಿ ನಮೂದಿಲ್ಲ, ಪರ್ಸೆಂಟೇಜ್ ಅಂತೂ ಯಾರಿಗೂ ಮುಟ್ಟಿಲ್ಲ. ಎಲ್ಲಕ್ಕಿಂತ ದೊಡ್ಡ ಲೋಪವೆಂದರೆ ಗುದ್ದಲಿ ಪೂಜೆಯೇ ಆಗಿಲ್ಲ. ನಮ್ಮಲ್ಲಿ ಶಾಸಕರ ಕೈಯ ಗುದ್ದಲಿಗೆ ಅರಿಶಿನ, ಕುಂಕುಮ, ಹೂವಿನ ಹಾರ. ಅದು ಮಣ್ಣಿಗೆ ತಾಗುವುದು ಒಂದೇ ಸಲ, ಅದೂ ಫೋಟೊಗ್ರಾಫರ್ 'ಹ್ಞೂಂ ಸಾರ್' ಅಂದ ಮೇಲೆ. ಅಷ್ಟಕ್ಕೇ ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತಾರೆ.

ನಿರ್ದೇಶಕ ಕೇತನ್ ಮೆಹ್ತಾರನ್ನು ದೂರುವಂತಿಲ್ಲ. ದುಡ್ಡು ನುಂಗುವ ಅಧಿಕಾರಿ, ಜಮೀನ್ದಾರರ ದರ್ಪ, ನ್ಯಾಯ ಕೇಳಲು ದೆಹಲಿಗೆ ನಡೆದುಹೋಗುವ ಮಾಂಝಿ, ಎಲ್ಲವನ್ನೂ ಅವರು ತೋರಿಸಿದ್ದಾರೆ. ನವಾಜುದ್ದೀನ್ ಸಿದ್ದಿಕಿ ಬೆಟ್ಟವನ್ನು ಬೈದಷ್ಟು ಚೆನ್ನಾಗಿ ನಮ್ಮ ವಿರೋಧ ಪಕ್ಷಗಳು ಸರ್ಕಾರವನ್ನೂ ಬೈದಿಲ್ಲ. ತೊಂದರೆ ಪ್ರೇಕ್ಷಕರದು. ಕಣ್ಣೊರೆಸಿಕೊಂಡು ಹೊರಬಂದವರೆಲ್ಲ ಹೇಳಿದ್ದು ಒಂದೇ ಮಾತು: ಮನಸ್ಸಿದ್ದರೆ ಮಾರ್ಗ! ಮನಸ್ಸು ಮಾಂಝಿಯದು, ಸರಿ. ಮಾರ್ಗ ಯಾರ ಕೆಲಸವಾಗಿತ್ತು ಎಂದು ಕೇಳಿದವರು ಕಾಣೆ. ಪಾಪದ ಬೆಟ್ಟವೇ ಖಳನಾಯಕನಾಯಿತು. ಅದು ಯಾವ ಚುನಾವಣೆಯಲ್ಲೂ ಭರವಸೆ ಕೊಟ್ಟಿರಲಿಲ್ಲ.

ಆಮೇಲೆ ಆ ಛಲ ಎಲ್ಲೆಲ್ಲಿಗೋ ಹೋಯಿತು. ಟಾರ್ಗೆಟ್ ಮುಟ್ಟದ ಸೇಲ್ಸ್ ಹುಡುಗರಿಗೆ ಎಸಿ ಹಾಲಿನಲ್ಲಿ ಮಾಂಝಿಯ ಪಾಠವಾಯಿತು, ನಡುವೆ ಬಿಸ್ಕತ್ತು, ಟೀ. ಕನ್ನಡದವರೂ ಹಿಂದೆ ಬಿದ್ದಿಲ್ಲ: ಹಿಂದಿ ಸಿನಿಮಾಕ್ಕಿಂತ ನಾಲ್ಕು ವರ್ಷ ಮೊದಲೇ, 2011ರ 'ಒಲವೇ ಮಂದಾರ'ದಲ್ಲಿ ಮಾಂಝಿಯ ಪ್ರೇರಣೆಯ ಪಾತ್ರವೊಂದಿತ್ತು. ನೋಡಿ ಅತ್ತೆವು. ಮಳೆಗಾಲದಲ್ಲಿ ಮಲೆನಾಡಿನ ಕೆಲವು ಊರುಗಳಿಂದ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರುವ ವಿಡಿಯೊ ಈಗಲೂ ಬರುತ್ತದೆ. ಅದಕ್ಕೆ ಹಿನ್ನೆಲೆ ಸಂಗೀತ ಇಲ್ಲದ್ದರಿಂದ ಅಳು ಬರುವುದಿಲ್ಲ.

ಸನ್ಮಾನದಲ್ಲಿ ಮಾತ್ರ ಕೊರತೆಯಾಗಲಿಲ್ಲ. ಮುಖ್ಯಮಂತ್ರಿ ನಿತೀಶ್ ಕುಮಾರ್ ಮಾಂಝಿಯನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಕುರ್ಚಿ ಕೊಡುವುದರಲ್ಲಿ ಒಂದು ಅನುಕೂಲವಿದೆ, ಫೋಟೊ ಮುಗಿದ ತಕ್ಷಣ ವಾಪಸ್ ಸಿಗುತ್ತದೆ. 2007ರಲ್ಲಿ ಸತ್ತಾಗ ಸರ್ಕಾರಿ ಗೌರವ, 2016ರಲ್ಲಿ ಅಂಚೆಚೀಟಿ. ಸರ್ಕಾರದ ರಸ್ತೆ ಗೆಹಲೌರ್ ತಲುಪಿದ್ದು 2011ರಲ್ಲಿ ಎಂದು ಸಿನಿಮಾದ ಕೊನೆಯಲ್ಲಿ ತೋರಿಸುತ್ತಾರೆ. ಅಷ್ಟು ಹೊತ್ತಿಗೆ ಮಾಂಝಿ ಸತ್ತು ನಾಲ್ಕು ವರ್ಷ.

ಇಷ್ಟು ಅಗ್ಗದ ಮಾದರಿಯನ್ನು ದೇಶಕ್ಕೆಲ್ಲ ವಿಸ್ತರಿಸದೆ ಬಿಟ್ಟಿರುವುದು ಆಶ್ಚರ್ಯ. ರಸ್ತೆಯಿಲ್ಲದ ಪ್ರತಿ ಊರಿನಿಂದ ಒಬ್ಬ ಛಲಗಾರನನ್ನು ಗ್ರಾಮಸಭೆಯಲ್ಲಿ ಆರಿಸಬಹುದು. ಸುತ್ತಿಗೆಗೆ ಸರ್ಕಾರದ ಸಹಾಯಧನ, ಉಳಿಗೆ ಫಲಾನುಭವಿಯ ವಂತಿಗೆ. ಮೇಕೆಗಳಿದ್ದವರಿಗೆ ಆದ್ಯತೆ. ಅವಧಿ 22 ವರ್ಷ, ವಿಸ್ತರಣೆಗೆ ಅವಕಾಶವಿದೆ. ಅರ್ಜಿಯೊಂದಿಗೆ ಆಧಾರ್, ಪಡಿತರ ಚೀಟಿ ಮತ್ತು ಹೆಂಡತಿಯ ಮರಣ ಪ್ರಮಾಣಪತ್ರ ಲಗತ್ತಿಸತಕ್ಕದ್ದು.