ಬೆಂಚಿನ ಮೇಲಿನ ಮೇಸ್ತ್ರಿ

ಹುಣಸೂರಿನ ಯಾವ ಗ್ಯಾರೇಜಿಗಾದರೂ ಹೋಗಿ ನೋಡಿ. ಬೈಪಾಸಿನದಾಗಲಿ, ಲಕ್ಷ್ಮಣತೀರ್ಥದ ಸೇತುವೆ ಆಚೆಯದಾಗಲಿ, ಒಳಗೆ ಹೊಂಡ ಇಲ್ಲದಿರಬಹುದು, ಜಾಕು ಕೆಟ್ಟಿರಬಹುದು, ಹತ್ತನೇ ನಂಬರ್ ಸ್ಪಾನರ್ ಅಂತೂ ಕಳೆದೇ ಹೋಗಿರುತ್ತದೆ. ಆದರೆ ಬಾಗಿಲ ಪಕ್ಕ ಒಂದು ಬೆಂಚು, ಬೆಂಚಿನ ಮೇಲೆ ಒಬ್ಬ ಗೌಡರು ಇದ್ದೇ ಇರುತ್ತಾರೆ. ಅವರು ಗಿರಾಕಿಯಲ್ಲ, ಕೆಲಸದವರಲ್ಲ, ಜಾಗದ ಮಾಲೀಕರೂ ಅಲ್ಲ. ಹೊಸಬರು ಮಾತ್ರ ಅವರನ್ನೇ ಯಜಮಾನರೆಂದು ತಿಳಿದು ಕೀ ತಂದು ಅವರ ಕೈಗೆ ಕೊಡುತ್ತಾರೆ. ಗೌಡರು ಬೇಡ ಅನ್ನುವುದಿಲ್ಲ. ಕೀ ಇಸಕೊಂಡು, "ಏನಾಗದೆ?" ಎಂದು ಕೇಳಿ, ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡು, ಆಮೇಲೆ ಒಳಗಿನ ಮೆಕ್ಯಾನಿಕ್ಕಿನತ್ತ ತಿರುಗಿ, "ಭಾಯಿ, ನೋಡಪ್ಪ, ಎಡ್ ಗ್ಯಾಸ್ಕೆಟ್ ಓಗದೆ" ಎಂದು ತೀರ್ಪು ಕೊಡುತ್ತಾರೆ. ಬಂದವನ ದೂರು ಹಾರ್ನ್ ಕೂಗುವುದಿಲ್ಲ ಎಂಬುದಾಗಿದ್ದರೂ ಸರಿಯೇ.

ಅವರ ವಿದ್ಯಾರ್ಹತೆ ಸಣ್ಣದೇನಲ್ಲ. ಹರೆಯದಲ್ಲಿ ಬೆಂಜ್ ಲಾರಿಯಲ್ಲಿ ಕ್ಲೀನರ್ ಆಗಿದ್ದರು. ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜತೆ ಸೇರಿ 1954ರಿಂದ ಹದಿನೈದು ವರ್ಷ ತಯಾರಿಸಿದ ಲಾರಿಗಳವು. ಒಪ್ಪಂದ ಮುಗಿದು ಎಷ್ಟೋ ಕಾಲದವರೆಗೂ ನಮ್ಮ ಕಡೆ ಲಾರಿ ಅಂದರೆ ಬೆಂಜೇ. ಆಮೇಲೆ ಗೌಡರು ಹನಗೋಡಿನ ಕಡೆಗೆ ಸ್ವಂತ ಜೀಪು ಓಡಿಸಿದರು. ಅದನ್ನು ಮಾರಿದ ಮೇಲೆ ಜಮೀನನ್ನು ಮಗ ನೋಡಿಕೊಳ್ಳುತ್ತಾನೆ, ಮಗನನ್ನು ಸೊಸೆ ನೋಡಿಕೊಳ್ಳುತ್ತಾಳೆ, ಗೌಡರನ್ನು ನೋಡಿಕೊಳ್ಳುವ ಜವಾಬ್ದಾರಿ ಗ್ಯಾರೇಜಿನದು. ಒತ್ತಾರೆ ತಿಂಡಿ ಮುಗಿಸಿ ಬಂದರೆ, ಭಾಯಿ ಶಟರ್ ಎತ್ತುವುದು ವಸಿ ತಡವಾದರೂ ಗದರಿಸುತ್ತಾರೆ.

ಕಾಲವನ್ನು ಅವರು ಎರಡೇ ಭಾಗ ಮಾಡಿದ್ದಾರೆ: ಅರಸು ಕಾಲ, ಆಮೇಲಿನ ಕಾಲ. ಕಲ್ಲಹಳ್ಳಿಯ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದದ್ದು ಇಡೀ ನಾಡಿಗೆ ರಾಜಕೀಯ. ಗೌಡರಿಗೆ ಅದು ಕಬ್ಬಿಣದ ಗುಣಮಟ್ಟದ ಅಳತೆಗೋಲು. ಅರಸು ಕಾಲದ ಸ್ಪ್ರಿಂಗು, ಅರಸು ಕಾಲದ ಬೇರಿಂಗು. ಆಮೇಲಿನದೆಲ್ಲ ತಗಡು.

ನಾನು ಹೇಳಹೊರಟ ಬೋಲ್ಟಿನ ವಿಷಯಕ್ಕೆ ಬರುತ್ತೇನೆ. ಅವತ್ತು ಬಂದದ್ದು ಅಂಬಾಸಡರ್, ಕೆ.ಆರ್. ನಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರದು. 2014ರಲ್ಲಿ ಈ ಕಾರಿನ ತಯಾರಿಕೆ ನಿಂತ ಸುದ್ದಿ ಓದಿದ ಮೇಲೆ ಮೇಷ್ಟ್ರಿಗೆ ಅದರ ಮೇಲೆ ಪ್ರೀತಿ ಉಕ್ಕಿ, ಓಡಿಸುವುದನ್ನು ಕಡಿಮೆ ಮಾಡಿ ತೊಳೆಯುವುದನ್ನು ಜಾಸ್ತಿ ಮಾಡಿದ್ದರು. ವಾಟರ್ ಪಂಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪಂಪನ್ನು ಎಂಜಿನ್ ಬ್ಲಾಕಿಗೆ ಬಿಗಿದ ಬೋಲ್ಟುಗಳನ್ನು ಬಿಚ್ಚಬೇಕು. ಇಲ್ಲೊಂದು ಸೂಕ್ಷ್ಮವಿದೆ. ಅಂಬಾಸಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅದರ ಹಳೆಯ ಎಂಜಿನ್ನಿನದು ಇಂಚಿನ ಲೆಕ್ಕ. ಗ್ಯಾರೇಜಿನ ಹುಡುಗ ಕೆಲಸ ಕಲಿತದ್ದು ಮಾರುತಿ, ಬೊಲೆರೊಗಳ ಮೇಲೆ. ಅವನದು ಮಿಲಿಮೀಟರಿನ ಲೆಕ್ಕ. ಬೋಲ್ಟಿನ ತಲೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಹುಡುಗ ಹಾಕಿದ್ದು 13ನೇ ನಂಬರ್ ಸ್ಪಾನರ್. ಕೂರುತ್ತದೆ, ಸುಲಭದ ಬೋಲ್ಟುಗಳನ್ನು ಬಿಚ್ಚಿಯೂ ಕೊಡುತ್ತದೆ. ತುಕ್ಕು ಹಿಡಿದು ಕೂತ ಬೋಲ್ಟಿನ ಹತ್ತಿರ ಮಾತ್ರ ಆ 0.3 ಮಿಲಿಮೀಟರ್ ಸಡಿಲವೇ ಸಾಕು. ಸ್ಪಾನರ್ ಜಾರಿ ತಲೆಯ ಮೂಲೆಗಳೆಲ್ಲ ಸವೆದು ಗುಂಡಗಾಗುತ್ತವೆ. ಆಮೇಲೆ ತಲೆಯನ್ನು ಅರದಲ್ಲಿ ಉಜ್ಜಿ, 12ನೇ ನಂಬರಿನ ರಿಂಗ್ ಸ್ಪಾನರನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿ, ಅದರ ಹಿಡಿಗೆ ಒಂದು ಪೈಪು. "ಪೈಪ್ ಆಕ್ಲಾ" ಎಂಬ ಮಾತು ಬೆಂಚಿನಿಂದಲೇ ಬಂತೆಂದು ಹುಡುಗ ಇವತ್ತಿಗೂ ಆಣೆ ಮಾಡುತ್ತಾನೆ. ಬೆಂಚು ಒಪ್ಪುವುದಿಲ್ಲ.

ಬಿಗಿ ಬಿಟ್ಟ ಬೋಲ್ಟು "ಕಿರ್ರ್" ಅನ್ನುತ್ತದೆ. ಆ ಸದ್ದಿಗೆ ಮೆಕ್ಯಾನಿಕ್ಕಿನ ಮುಖ ಅರಳುತ್ತದೆ. ಮುರಿಯುವ ಬೋಲ್ಟು ಹಾಗೆ ಸದ್ದು ಮಾಡುವುದಿಲ್ಲ. ಮೊದಲು ಮೆತ್ತಗೆ ತಿರುಗುತ್ತದೆ, ಬಂತು ಅನ್ನಿಸುತ್ತದೆ, ಆಮೇಲೆ "ಟಕ್". ಹುಡುಗನ ಕೈಯಲ್ಲಿ ಪೈಪು, ಪೈಪಿನಲ್ಲಿ ಸ್ಪಾನರು, ಸ್ಪಾನರಿನಲ್ಲಿ ಬೋಲ್ಟಿನ ತಲೆ. ಉಳಿದ ದೇಹ ಬ್ಲಾಕಿನ ಒಳಗೆ, ಮೇಲ್ಮಟ್ಟಕ್ಕೆ ಸರಿಯಾಗಿ, ಉಗುರು ಹಾಕಲೂ ಜಾಗ ಕೊಡದೆ.

"ನಾನ್ ಏಳ್ದೆ," ಅಂದರು ಗೌಡರು.

ಏನು ಹೇಳಿದ್ದರೆಂದು ಯಾರೂ ಕೇಳಲಿಲ್ಲ. ಅದು ಅವರ ಪದ್ಧತಿ. ಮುರಿದರೂ ಅದೇ ಮಾತು, ಬಂದರೂ ಅದೇ ಮಾತು. ಅಷ್ಟಕ್ಕೇ ನಿಲ್ಲದೆ, "ಅರಸು ಕಾಲ್ದಲ್ಲಿ ಬೋಲ್ಟು ಮುರೀತಿರ್ಲಿಲ್ಲ ಕನಪ್ಪ" ಎಂದರು. ಭಾಯಿ ಕೈ ಒರೆಸಿಕೊಳ್ಳುತ್ತಾ, "ಗೌಡ್ರೇ, ಇದು ಅರಸು ಕಾಲದ್ದೇ ಬೋಲ್ಟು" ಅಂದ.

"ಅದ್ಕೇ ಇಷ್ಟು ದಿನ ತಡ್ಕಂಡಿತ್ತು."

ಬೋಲ್ಟು ಮುರಿದ ಸುದ್ದಿ ಹುಣಸೂರಿನಲ್ಲಿ ಎಷ್ಟು ಬೇಗ ಹರಡುತ್ತದೆಂದರೆ ಅದಕ್ಕೆ ಫೋನ್ ಬೇಕಿಲ್ಲ. ಪಂಕ್ಚರ್ ಅಂಗಡಿಯವನು ಬಂದ, ಎದುರಿನ ಟೀ ಅಂಗಡಿಯವನು ಲೋಟ ತೊಳೆಯುತ್ತಲೇ ಬಂದ. ಎಚ್.ಡಿ. ಕೋಟೆಗೆ ಶುಂಠಿ ಮೂಟೆ ತರಲು ಹೊರಟಿದ್ದ ಗೂಡ್ಸ್ ಆಟೋದವನು ಎಂಜಿನ್ ಆಫ್ ಮಾಡಿ ಇಳಿದ. ಸುತ್ತ ನಿಂತ ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ಬಾಗಿ ಆ ಒಂದು ತೂತನ್ನೇ ನೋಡುತ್ತಿದ್ದರಿಂದ ಭಾಯಿಗೆ ತೂತು ಕಾಣಿಸುತ್ತಿರಲಿಲ್ಲ. "ಗೌಡ್ರೇ, ವಸಿ ಬೆಳಕು ಬುಡಿ" ಎಂದ. ಗೌಡರು ಒಂದು ಹೆಜ್ಜೆ ಹಿಂದೆ ಸರಿದು, ಉಳಿದವರಿಗೆ, "ಏಯ್, ಬೆಳಕು ಬುಡ್ರಲಾ" ಎಂದು ಗದರಿಸಿ, ಎರಡು ಹೆಜ್ಜೆ ಮುಂದೆ ಬಂದರು.

ಮೊದಲ ವಿವಾದ ಎಣ್ಣೆಯದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಬೆಳೆದು ಬೆಣೆ ಹೊಡೆದು ಕೂರುತ್ತದೆ. ಆ ಕೂದಲೆಳೆ ಸಂದಿಗೆ ತೆಳ್ಳನೆಯ ಎಣ್ಣೆ ತಾನಾಗಿಯೇ ಇಳಿಯಬೇಕು. ಡೀಸೆಲ್ ಬಿಡು ಅಂದ ಪಂಕ್ಚರ್ ಅಂಗಡಿಯವನು. ಬ್ರೇಕ್ ಆಯಿಲ್ ಅಂದ ಆಟೋದವನು. ಮೇಷ್ಟ್ರು ಡಿಕ್ಕಿಯಿಂದ ಡಬ್ಲ್ಯುಡಿ-40 ಡಬ್ಬಿ ತಂದು, ಇದು ಅಮೆರಿಕದಲ್ಲಿ 1953ರಲ್ಲಿ ಕ್ಷಿಪಣಿಗೆ ತುಕ್ಕು ಹಿಡಿಯಬಾರದೆಂದು ಕಂಡುಹಿಡಿದದ್ದು, ನಲವತ್ತನೇ ಪ್ರಯತ್ನಕ್ಕೆ ಫಲಿಸಿದ್ದರಿಂದ ಈ ಹೆಸರು ಎಂದು ಪಾಠ ಮಾಡಿದರು. ಗೌಡರು ಡಬ್ಬಿಯನ್ನು ಮೂಸಿ ನೋಡಿ, "ನಲವತ್ತೊಂದ್ನೇದು ನಾನ್ ಏಳ್ತೀನಿ ಬುಡಿ ಮೇಷ್ಟ್ರೇ. ಸೀಮೆಎಣ್ಣೆಗೆ ವಸಿ ಆಯಿಲ್ ಬೆರ್ಸಿ ಮಡಗಿ" ಅಂದರು. ಸೀಮೆಎಣ್ಣೆ ಎಲ್ಲಿ ಸಿಗುತ್ತದೆಂಬ ಪ್ರಶ್ನೆ ಎದ್ದು, ಚರ್ಚೆ ರೇಷನ್ ಅಂಗಡಿಗೆ ಹೋಗಿ, ಅಲ್ಲಿಂದ ಸರ್ಕಾರಕ್ಕೆ ಹೋಗಿ, ಬಹಳ ಹೊತ್ತಾದ ಮೇಲೆ ಎಂಜಿನ್ನಿಗೆ ವಾಪಸು ಬಂತು. ಅಷ್ಟರಲ್ಲಿ ಭಾಯಿ ಡಬ್ಬಿಯದನ್ನೇ ಎರಡು ಸಲ ಹೊಡೆದಿದ್ದ.

ಎರಡನೆಯದು ಬೆಂಕಿಯದು. ಇದರಲ್ಲಿ ಹುಣಸೂರು, ಪಿರಿಯಾಪಟ್ಟಣದವರನ್ನು ಸೋಲಿಸುವುದು ಕಷ್ಟ. ತಂಬಾಕಿನ ಸೀಮೆ, ಪ್ರತಿ ಊರಿನಲ್ಲೂ ಸೊಪ್ಪು ಒಣಗಿಸುವ ಬ್ಯಾರನ್ನು, ಪ್ರತಿ ಮನೆಯಲ್ಲೂ ಶಾಖದ ಪಂಡಿತರು. ಗೌಡರು ಬೆಂಚಿಗೆ ಮರಳಿ, ಕಾಲ ಮೇಲೆ ಕಾಲು ಹಾಕಿ ಶುರು ಮಾಡಿದರು: "ನೋಡು ಭಾಯಿ, ಬ್ಯಾರನ್‌ಗೆ ಸೊಪ್ಪು ಏರ್ಸಿದ್ ದಿನ್ವೇ ದೊಡ್ ಉರಿ ಆಕ್ತಾರಾ? ಮೊದ್ಲು ಸಣ್ಣುರಿ, ಸೊಪ್ಪು ಅಳದಿ ಆಗ್ಬೇಕು. ಆಮೇಲೆ ಎಲೆ ಒಣಗ್ಬೇಕು. ಕಡ್ಡಿ ಒಣಗೋದು ಕಡೇಲಿ, ಎಪ್ಪತ್ ಡಿಗ್ರಿ ತಾವ. ಐದಾರು ದಿನ ಬೇಕು. ಅಂಗೆಯಾ ಬೋಲ್ಟು." ಐದಾರು ದಿನ ಎಂದು ಕೇಳಿ ಮೇಷ್ಟ್ರು ಬಿಳಿಚಿಕೊಂಡರು. ಆದರೆ ತತ್ವ ಸರಿಯಾಗಿಯೇ ಇದೆ. ಗ್ಯಾಸ್ ಉರಿಯಿಂದ ಬ್ಲಾಕಿನ ಆ ಜಾಗವನ್ನು ನಿಧಾನಕ್ಕೆ ಬಿಸಿ ಮಾಡಿದರೆ ತೂತು ಹಿಗ್ಗುತ್ತದೆ, ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ಬಿಸಿಯಿರುವಾಗಲೇ ಮೇಣದಬತ್ತಿ ಮುಟ್ಟಿಸಿದರೆ ಮೇಣ ಕರಗಿ ಸಂದಿಯೊಳಕ್ಕೆ ಇಳಿಯುತ್ತದೆ. ಒಂದೇ ಸಲ ಒಂದೇ ಕಡೆ ಉರಿ ಹಿಡಿದರೆ ಎರಕದ ಕಬ್ಬಿಣದ ಬ್ಲಾಕು ಸೀಳಿಬಿಡಬಹುದು. ಆಗ ಬೋಲ್ಟಿನ ಚಿಂತೆ ತಾನಾಗಿಯೇ ತಪ್ಪುತ್ತದೆ.

ಎಚ್.ಡಿ. ಕೋಟೆಯ ಆಟೋದವನು ಮಧ್ಯೆ ಬಾಯಿ ಹಾಕಿ, ಅಂತರಸಂತೆಯಲ್ಲಿ ತಮ್ಮ ಮಾವ ಉಳಿಯಲ್ಲಿ ಬಡಿದೇ ತೆಗೆದಿದ್ದರೆಂದು ಹೇಳಿದ. ಗೌಡರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಕಂಪ್ನಿ ಸರ್ಕಾರದ ಕಾಲ್ದಲ್ಲೇ ನಮ್ಮೂರಲ್ಲಿ ಪಟಾಲಂಗೆ ಗಾಡಿ ಮಾಡೋರು, ಗೊತ್ತೇನ್ಲಾ?" ಅಂದರು. ಅದು ಸುಳ್ಳಲ್ಲ. ಈಸ್ಟ್ ಇಂಡಿಯಾ ಕಂಪನಿ ಹುಣಸೂರಿನಲ್ಲಿ ಸೈನ್ಯಕ್ಕೆಂದು ಚರ್ಮ ಹದ ಮಾಡಿಸುತ್ತಿತ್ತು, ಬೂಟು, ಕಂಬಳಿ, ಗಾಡಿ ಮಾಡಿಸುತ್ತಿತ್ತು. ಎತ್ತಿನ ಗಾಡಿಯಲ್ಲಿ ವಾಟರ್ ಪಂಪ್ ಇರುವುದಿಲ್ಲವಲ್ಲ ಎಂದು ಕೇಳುವ ಧೈರ್ಯ ಕೋಟೆಯವನಿಗೆ ಬರಲಿಲ್ಲ; ಶುಂಠಿಯ ನೆನಪಾಗಿ ಹೊರಟುಬಿಟ್ಟ.

ಈ ಗೌಡರಿಂದ ಏನು ಪ್ರಯೋಜನ ಎಂದು ನಾನೂ ಬಹಳ ದಿನ ಯೋಚಿಸಿದ್ದೆ. ಉತ್ತರ ಭಾಯಿಯೇ ಹೇಳಿದ. ಅದೊಂದು ಜನವರಿಯಲ್ಲಿ ಗೌಡರು ಚುಂಚನಕಟ್ಟೆಯ ಜಾತ್ರೆಗೆ, ಕೊಳ್ಳುವ ಯೋಚನೆಯೇ ಇಲ್ಲದ ಎತ್ತುಗಳ ಹಲ್ಲು ಹಿಡಿದು ನೋಡಲು ಹೋಗಿದ್ದರಂತೆ. ಬೆಂಚು ಖಾಲಿ. ಅವತ್ತೇ ಒಂದು ವ್ಯಾನು ಬಂತು. ಕಟ್ಟೆಮಳಲವಾಡಿಯ ತಂಬಾಕು ಹರಾಜಿಗೆ ಹೊತ್ತಾಯಿತೆಂದು ಮಾಲೀಕ ತುದಿಗಾಲಲ್ಲಿ ನಿಂತಿದ್ದ. ಅದರದೂ ಬೋಲ್ಟು ಮುರಿಯಿತು. ಎಣ್ಣೆ ಹೊಡೆದದ್ದೇ ತಡ, ಪಂಚು ಹಾಕಿ, ಡ್ರಿಲ್ ಮಾಡಿ, ಈಜಿ-ಔಟ್ ಇಳಿಸಿ ತಿರುಗಿಸಿದರು. ಈಜಿ-ಔಟ್ ಎಂಬುದು ಹೆಸರಿಗಷ್ಟೇ ಈಜಿ. ಎಡಕ್ಕೆ ತಿರುಚಿದ ಹಲ್ಲಿನ ಗಡುಸು ಉಕ್ಕಿನ ಕಡ್ಡಿ. ಬೋಲ್ಟಿನೊಳಗೆ ಕೊರೆದ ತೂತನ್ನು ಕಚ್ಚಿ ಹಿಡಿದು ಬಿಚ್ಚಬೇಕು. ಅವಸರ ಮಾಡಿದರೆ ಅದೇ ಒಳಗೆ ಮುರಿಯುತ್ತದೆ. ಮುರಿದರೆ, ಬೋಲ್ಟನ್ನು ಕೊರೆದ ಡ್ರಿಲ್ಲು ಅದರ ಮೇಲೆ ಜಾರುತ್ತದೆ. ಉಕ್ಕಿಗಿಂತ ಉಕ್ಕು ಗಟ್ಟಿ. ಅವತ್ತು ಹಾಗೇ ಆಗಿ, ಎಂಜಿನ್ ಇಳಿಸಿ ಬ್ಲಾಕನ್ನು ಮೈಸೂರಿಗೆ ಕಳಿಸಬೇಕಾಯಿತು. "ಗೌಡ್ರು ಇದ್ದಿದ್ರೆ ಅರ್ಧ ದಿನ ಮಾತಾಡ್ತಿದ್ರು ಸಾರ್," ಅಂದ ಭಾಯಿ, "ಎಣ್ಣೆ ಇಳ್ಕೊಂತಿತ್ತು."

ಅಂಬಾಸಡರಿಗೆ ಆ ಗತಿ ಬರಲಿಲ್ಲ. ಅರಸು ಕಾಲ, ತಂಬಾಕಿನ ರೇಟು, ಮೇಷ್ಟ್ರ ಊರಿನಲ್ಲಿ ಗೌಡರ ಷಡ್ಡಕನ ಮನೆ ಯಾವ ಬೀದಿ, ಎಲ್ಲ ತೀರ್ಮಾನವಾಗುವ ಹೊತ್ತಿಗೆ ಊಟದ ಸಮಯ ಕಳೆದಿತ್ತು. ಎಣ್ಣೆ ಮೂರು ಸಲ ಬಿದ್ದಿತ್ತು, ಸಣ್ಣ ಸುತ್ತಿಗೆಯ ಏಟೂ ಬಿದ್ದಿತ್ತು. ಭಾಯಿ ಬ್ಯಾಟರಿ ವಯರು ಬಿಚ್ಚಿ, ವೆಲ್ಡಿಂಗ್ ಕನ್ನಡಿ ಹಿಡಿದ. ಮುರಿದ ತುದಿಯ ಮೇಲೆ ಮೊದಲು ಒಂದು ಹನಿ ವೆಲ್ಡಿಂಗು. ಅದರ ಮೇಲೆ ನಟ್ಟು ಇಟ್ಟು, ನಟ್ಟಿನ ತೂತಿನೊಳಗಿಂದ ತುಂಬಿಸಿದ. ಎರಕದ ಕಬ್ಬಿಣಕ್ಕೆ ಸಾಮಾನ್ಯ ವೆಲ್ಡಿಂಗು ಸರಿಯಾಗಿ ಹಿಡಿಯುವುದಿಲ್ಲ, ಬೋಲ್ಟಿನ ಉಕ್ಕಿಗೆ ಚೆನ್ನಾಗಿ ಹಿಡಿಯುತ್ತದೆ. ಕಸುಬಿನ ಗುಟ್ಟು ಅಷ್ಟೇ. ಬೋಲ್ಟಿಗೆ ಹೊಸ ತಲೆಯೂ ಬಂತು, ಬೇಕಾದ ಶಾಖವೂ ಸಿಕ್ಕಿತು. ಕೆಂಪು ಹೋಗಿ ಕಪ್ಪಾಗುವವರೆಗೆ ಯಾರೂ ಮುಟ್ಟಲಿಲ್ಲ. ಗೌಡರು ಕೂಡ ಮಾತು ನಿಲ್ಲಿಸಿದ್ದರು. ಭಾಯಿ ಸ್ಪಾನರ್ ಹಾಕಿ ಮೊದಲು ಬಿಗಿಯುವ ಕಡೆಗೇ ಒಂದು ಎಳೆ ಒತ್ತಿದ, ಆಮೇಲೆ ಬಿಚ್ಚುವ ಕಡೆಗೆ ಒಂದು ಎಳೆ. ಮತ್ತೆ ಆ ಕಡೆ, ಮತ್ತೆ ಈ ಕಡೆ.

"ಕಿರ್ರ್."

"ನಾನ್ ಏಳ್ದೆ," ಅಂದರು ಗೌಡರು.

ಇನ್ನು ಅದೇ ಅಳತೆಯ ಹೊಸ ಬೋಲ್ಟು ಬೇಕು. ಇಂಚಿನ ಥ್ರೆಡ್ಡು, ಅಂಗಡಿಯಲ್ಲಿ ಸಿಗುವ 8 ಮಿಲಿಮೀಟರಿನದು ಎರಡು ಸುತ್ತು ಹೋಗಿ ಕೂತುಬಿಡುತ್ತದೆ, ಒತ್ತಾಯ ಮಾಡಿದರೆ ಬ್ಲಾಕಿನ ಥ್ರೆಡ್ಡೇ ಹಾಳು. ಮೈಸೂರಿಗೆ ಹೋಗಬೇಕೇನೋ ಎಂದು ಮೇಷ್ಟ್ರು ಬಸ್ಸಿನ ಹೊತ್ತು ಕೇಳುತ್ತಿದ್ದಾಗ ಗೌಡರು ಹುಡುಗನನ್ನು ಕರೆದು, "ಮನೆಗೋಗಿ ಅಮ್ಮನ್ನ ಕೇಳು, ಅಟ್ಟದ ಮ್ಯಾಲೆ ಆರ್ಲಿಕ್ಸ್ ಬಾಟ್ಲು ಅದೆ" ಅಂದರು. ಬಾಟಲಿ ಬಂತು. ಒಳಗೆ ಅವರ ಹಳೆಯ ಜೀಪಿನಿಂದ ಉಳಿದ ಬೋಲ್ಟು, ನಟ್ಟು, ವಾಷರು, ಯಾವುದೋ ಟಾರ್ಚಿನ ಬಲ್ಬು, ಒಂದು ನಾಲ್ಕಾಣೆ. ಆ ಜೀಪೂ ಇಂಚಿನ ಕಾಲದ್ದೇ. ನೆಲಕ್ಕೆ ಸುರಿದು ಹುಡುಕಿದಾಗ ಒಂದು ಬೋಲ್ಟು ಸರಿಹೋಯಿತು. ಭಾಯಿ ಅದಕ್ಕೆ ಗ್ರೀಸು ಸವರಿ ಬರಿಗೈಯಲ್ಲಿ ಕೊನೆಯವರೆಗೂ ತಿರುಗಿಸಿದ. ಆ ಬೋಲ್ಟಿಗೆ ಗೌಡರು ದುಡ್ಡು ತೆಗೆದುಕೊಳ್ಳಲಿಲ್ಲ. ಅದನ್ನು ಕೊಟ್ಟ ಸಂಗತಿಯನ್ನು ಮಾತ್ರ ಸಂಜೆಯವರೆಗೆ ಬಂದವರಿಗೆಲ್ಲ ಹೇಳಿದರು.

ಬಿಲ್ಲಿನ ಹೊತ್ತಿಗೆ ಗೌಡರು ಪಕ್ಷಾಂತರ ಮಾಡಿದರು. ದಿನವಿಡೀ ಭಾಯಿಯ ಕಡೆ ಕೂತಿದ್ದವರು ಎದ್ದು ಮೇಷ್ಟ್ರ ಪಕ್ಕಕ್ಕೆ ಬಂದು, "ಒಂದು ಬೋಲ್ಟಿಗೆ ಇಷ್ಟೇನಪ್ಪಾ? ಅರ್ಧ ದಿನ ಸುಮ್ಕೆ ಕುಂತಿದ್ದೆ, ನಾನೇ ನೋಡ್ನಿಲ್ವಾ?" ಎಂದು ನೂರು ರೂಪಾಯಿ ಇಳಿಸಿದರು. ಭಾಯಿ ಏನೂ ಅನ್ನಲಿಲ್ಲ. ಅವನು ಮೊದಲೇ ಇನ್ನೂರು ಏರಿಸಿ ಹೇಳಿದ್ದ.

ಗೌಡರಿಗೂ ಒಂದು ಟಿವಿಎಸ್ ಮೊಪೆಡ್ ಇದೆ. ಅದರ ರಿಪೇರಿ ಬಂದರೆ ಮಾತ್ರ ಅವರು ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಆಚೆಯ ಪಿರಿಯಾಪಟ್ಟಣಕ್ಕೆ ಹೋಗುತ್ತಾರೆ. ಇಷ್ಟು ಹತ್ತಿರದ ಭಾಯಿಯನ್ನು ಬಿಟ್ಟು ಅಷ್ಟು ದೂರ ಯಾಕೆಂದು ಒಮ್ಮೆ ಕೇಳಿದೆ. "ಇಲ್ ಆಗಾಕಿಲ್ಲ ಸಾರ್," ಅಂದರು, "ಬೆಂಚಿನ್ ಮ್ಯಾಲೆ ಕುಂತ್ಕಂಡು ಒಬ್ಬೊಬ್ರು ಒಂದೊಂದ್ ಏಳ್ತಾರೆ. ಕೆಲ್ಸ ಮಾಡಾಕೇ ಬುಡಾಕಿಲ್ಲ."