ಡಾಕ್ಟರು ಜಿಡ್ಡು ಬಿಡಿ ಎಂದ ಮೇಲೆ ಸಾರು ಗಟ್ಟಿ ಮಾಡುವ ಕ್ರಮ

ಮೊದಲು ರಕ್ತ ಪರೀಕ್ಷೆಯ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮನೆಗೆ ಬಂದವರಿಗೆಲ್ಲ ಕಾಣುವ ಹಾಗಿರಲಿ. ಆಮೇಲೆ ಪೇಟೆಗೆ ಹೋಗಿ ಎಣ್ಣೆ ಅಳೆಯುವ ಚಮಚ ತನ್ನಿ. ಒಗ್ಗರಣೆಗೆ ಇವತ್ತು ಒಂದೇ ಚಮಚ ಎಂದು ಪಕ್ಕದ ಮನೆಗೂ ಕೇಳುವಂತೆ ಹೇಳಿ. ಪಥ್ಯದ ಮುಕ್ಕಾಲು ಪಾಲು ಇಷ್ಟಕ್ಕೇ ಮುಗಿಯಿತು. ಇನ್ನುಳಿದದ್ದು ಸಾರು.

ನಮ್ಮದು ಮುದ್ದೆಯ ಸೀಮೆ. ಚಿತ್ರದುರ್ಗದಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ, ತಟ್ಟೆಯ ತುಂಬ ಹರಿದಾಡುವ ಸಾರನ್ನು ಕಂಡು ಯಾರೂ ಹಿಗ್ಗುವುದಿಲ್ಲ. ಮುರಿದ ತುತ್ತಿಗೆ ಸಾರು ಹತ್ತಿಕೊಂಡು ಬರಬೇಕು. ಆದ್ದರಿಂದ ಎಣ್ಣೆಯಲ್ಲಿ ಉಳಿಸಿದ್ದನ್ನು ಮಸಾಲೆಯಲ್ಲಿ ಖರ್ಚು ಮಾಡಿ. ಕೊಬ್ಬರಿಯನ್ನು ಜಿಡ್ಡಿನ ಲೆಕ್ಕಕ್ಕೆ ಹಿಡಿಯಬೇಡಿ. ಈ ವಿದ್ಯೆಯ ಮೂಲಸೂತ್ರವೇ ಇದು. ಹೊಸದುರ್ಗದ ತೋಟದ್ದು, ಸೋದರಮಾವ ಚೀಲಕ್ಕೆ ತುಂಬಿ ಕೊಟ್ಟದ್ದು, ಮಾವನ ಪ್ರೀತಿ ರಕ್ತದಲ್ಲಿ ಕೊಲೆಸ್ಟ್ರಾಲ್ ಆಗಲು ಸಾಧ್ಯವೇ? ಅರ್ಧ ಹೋಳು ತುರಿಯಿರಿ. ಶೇಂಗಾವನ್ನು ಕಾಳಿನ ಜಾತಿಗೆ ಸೇರಿಸಿಬಿಡಿ. ಹಾಗಾದರೆ ಚಳ್ಳಕೆರೆಯ ಗಿರಣಿಗಳಲ್ಲಿ ಇಷ್ಟು ವರ್ಷ ಅದರಿಂದ ಹಿಂಡಿದ್ದೇನು ಎಂದು ಯಾರಾದರೂ ಕೇಳಿದರೆ, ಈ ಸಲ ನಿಮ್ಮ ಕಡೆ ಮಳೆ ಹೇಗೆ ಎಂದು ವಿಚಾರಿಸಿ.

ಅಂಕಿ-ಅಂಶ ಬಲ್ಲ ನೆಂಟರು ಒಬ್ಬರಾದರೂ ಇರುತ್ತಾರೆ. ಅವರನ್ನು ಊಟಕ್ಕೆ ಕರೆಯಬೇಡಿ. ಕರೆದರೆ 100 ಗ್ರಾಂ ಒಣಕೊಬ್ಬರಿಯಲ್ಲಿ 60 ಗ್ರಾಂಗೂ ಹೆಚ್ಚು ಕೊಬ್ಬು, ಶೇಂಗಾದಲ್ಲಿ 40ರ ಆಸುಪಾಸು, ಹುರಿಗಡಲೆಯಲ್ಲಿ ಬರೀ 5, ರಾಗಿಯಲ್ಲಿ 2ಕ್ಕೂ ಒಳಗೆ, ಹುರುಳಿಯಲ್ಲಿ 1 ಕೂಡ ಇಲ್ಲ ಎಂದು ತುತ್ತಿಗೊಂದು ಅಂಕಿ ಹೇಳುತ್ತಾರೆ. ಇಂಥ ಮಾತಿನಿಂದ ಜೀರ್ಣಶಕ್ತಿ ಕೆಡುತ್ತದೆ.

ಆದರೂ ನಿಮ್ಮ ಆತ್ಮಸಾಕ್ಷಿ ಚುಚ್ಚಿತು, ಕೊಬ್ಬರಿ ಬಿಟ್ಟು ಹಿಟ್ಟು ಹಾಕಿಯೇ ಗಟ್ಟಿ ಮಾಡುತ್ತೇನೆ ಎಂದಿರಿ ಅನ್ನೋಣ. ಒಳ್ಳೆಯದು. ಅಕ್ಕಿಹಿಟ್ಟಾದರೂ ಸರಿ, ಕಾರ್ನ್‌ಫ್ಲೋರ್ ಆದರೂ ಸರಿ. ಸಾರು ತಕಪಕ ಕುದಿಯುವ ತನಕ ಕಾಯಿರಿ. ಈಗ ಒಣಹಿಟ್ಟನ್ನು ಒಂದೇ ಏಟಿಗೆ ಸುರಿಯಿರಿ. ಕುದಿನೀರು ತಾಗಿದೊಡನೆ ಹಿಟ್ಟಿನ ಮೈ ಬೆಂದು ಅಂಟಾಗುತ್ತದೆ, ಒಳಕ್ಕೆ ಒಂದು ಹನಿ ನೀರನ್ನೂ ಬಿಡುವುದಿಲ್ಲ. ಹೊರಗೆ ಲೋಳೆ, ಒಳಗೆ ಪುಡಿ ಇರುವ ಗಂಟುಗಳು ಹೀಗೆ ಹುಟ್ಟುತ್ತವೆ. ಕೇಳಿದವರಿಗೆ ಕಡುಬು ಎನ್ನಿ. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಂಡು, ಉರಿ ತಗ್ಗಿಸಿ, ತಿರುವುತ್ತಾ ಸಣ್ಣಧಾರೆಯಾಗಿ ಬಿಡುವವರಿದ್ದಾರೆ. ಅವರ ಸಾರಿನಲ್ಲಿ ಇಂಥ ಕುತೂಹಲಕ್ಕೆ ಜಾಗವೇ ಇರುವುದಿಲ್ಲ.

ಹುಣಸೆಹುಳಿಯನ್ನು ಆರಂಭದಲ್ಲೇ ಧಾರಾಳವಾಗಿ ಹಾಕಿ, ಹಿಟ್ಟಿನ ಜೊತೆ ಬಹಳ ಹೊತ್ತು ಕುದಿಸಿ. ಹುಳಿ ಮತ್ತು ಕಾವು ಸೇರಿ ಪಿಷ್ಟವನ್ನು ಒಡೆಯುತ್ತವೆ. ಗಟ್ಟಿಯಾಗಿದ್ದ ಸಾರು ನಿಮ್ಮ ಕಣ್ಣೆದುರೇ ತೆಳ್ಳಗಾಗುತ್ತದೆ. ಗಾಬರಿ ಬೇಡ, ಮತ್ತೆ ಹಿಟ್ಟು ಹಾಕಿ. ಗಟ್ಟಿ ಹೆಚ್ಚಾಯಿತೇ, ನೀರು ಹಾಕಿ. ಸಪ್ಪೆಯಾಯಿತೇ, ಉಪ್ಪು, ಖಾರ, ಮತ್ತಷ್ಟು ಹುಳಿ. ನಾಲ್ಕು ಜನರ ಸಾರು ಮದುವೆಯ ಸಾರಾಗುವವರೆಗೆ ಈ ಕ್ರಮ ಮುಂದುವರಿಸಿ. ನಡುವೆ ಪಾತ್ರೆಗೆ ಮುಚ್ಚಳ ಬಿಗಿದು ಹಾಲ್‌ಗೆ ಹೋಗಿ ಟೀವಿ ನೋಡಿ. ಹಿಟ್ಟಿನ ನೀರು ನೊರೆಗಟ್ಟಿ ಏರುವುದನ್ನು ಎದುರು ನಿಂತು ನೋಡಿದರೆ ಮನಸ್ಸಿಗೆ ಹಿಂಸೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬೀಳಲು 2022ರ ತನಕ ಕಾಯಿಸಿತು. ನಿಮ್ಮ ಪಾತ್ರೆಗೆ ಅಷ್ಟು ತಾಳ್ಮೆ ಇಲ್ಲ, ಜಾಹೀರಾತು ಮುಗಿಯುವುದರೊಳಗೆ ಕೋಡಿ ಬೀಳುತ್ತದೆ. ಬಾಗಿನ ಅರ್ಪಿಸುವ ಅಗತ್ಯವಿಲ್ಲ, ಒಲೆ ಒರೆಸಿದರೆ ಸಾಕು.

ಇಷ್ಟರಲ್ಲಿ ಅಜ್ಜಿ ಅಡಿಗೆಮನೆ ಬಾಗಿಲಿಗೆ ಬಂದು ನಿಂತಿರುತ್ತಾರೆ. ಇದು ಅತ್ಯಂತ ಅಪಾಯದ ಘಟ್ಟ. "ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಪ್ಪ, ತಾನೇ ಗಟ್ಟಿ ಆಗ್ತೈತೆ" ಎನ್ನುತ್ತಾರೆ. ಕೇಳಿಸದವರ ಹಾಗೆ ಮಿಕ್ಸಿ ಹಾಕಿಬಿಡಿ. ಅವರ ಮಾತಿಗೆ ಕಿವಿಗೊಟ್ಟರೆ ನಿಮ್ಮ ಶ್ರಮವೆಲ್ಲ ಹಾಳು. ಬಸ್ಸಾರಿನಲ್ಲಿ ಅವರು ಮಾಡುವುದೇ ಇದನ್ನು: ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿಯುತ್ತಾರೆ, ಅದೇ ಕಾಳಿನಲ್ಲಿ ಒಂದು ಹಿಡಿಯನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಧನಿಯದ ಜೊತೆ ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸುತ್ತಾರೆ. ಸಾರು ಗಟ್ಟಿಯಾಗುತ್ತದೆ, ಕೊಬ್ಬರಿಯ ನೆನಪೂ ಆಗುವುದಿಲ್ಲ. ಹುರುಳಿಕಟ್ಟನ್ನಂತೂ ಏನನ್ನೂ ಸೇರಿಸದೆ ಸಣ್ಣ ಉರಿಯಲ್ಲಿ ಇಂಗಿಸಿಯೇ ಮಂದ ಮಾಡುತ್ತಾರೆ. ಮಸ್ಸೊಪ್ಪಿಗೆ ಕಡೆಗೋಲು ಹಿಡಿದು ಬೇಳೆ-ಸೊಪ್ಪನ್ನು ಮಸೆದರೆ ಮುಗಿಯಿತು. ಸಿಹಿಗುಂಬಳದ ನಾಲ್ಕು ಹೋಳು ಬೇಯಿಸಿ ಕಿವುಚಿ ಹಾಕುವುದು, ಒಂದು ಚಮಚ ರಾಗಿಹಿಟ್ಟನ್ನು ಅಂಬಲಿಯಂತೆ ಕದಡಿ ಬಿಡುವುದು, ಹುರಿಗಡಲೆ ಪುಡಿ ಉದುರಿಸುವುದು, ಇವೆಲ್ಲ ಅವರ ಬತ್ತಳಿಕೆಯಲ್ಲಿವೆ. ಇವುಗಳಲ್ಲಿ ಯಾವುದಕ್ಕೂ ಕಾಸು ಖರ್ಚಿಲ್ಲ, ಪ್ಯಾಕೆಟ್ ಇಲ್ಲ, ಪ್ಯಾಕೆಟ್ಟಿನ ಮೇಲೆ ಹೃದಯದ ಚಿತ್ರವಿಲ್ಲ. ನಂಬುವುದು ಹೇಗೆ? "ಅಜ್ಜಿ, ನೀವು ಹೋಗಿ ಕೂತ್ಕೊಳ್ಳಿ, ಇದು ಡಯಟ್ಟು" ಎಂದು ಮರ್ಯಾದೆಯಿಂದ ಕಳಿಸಿ. ಅವರು ಸ್ವಲ್ಪ ನಗಬಹುದು. ನಗಲಿ.

ಸಾರಿನ ರುಚಿ ಯಾರಿಗೂ ಹಿಡಿಸದಿದ್ದರೆ ಎಲ್ಲರನ್ನೂ ಕಾರಿಗೆ ಹತ್ತಿಸಿ ಹೆದ್ದಾರಿಯ ಡಾಬಾಕ್ಕೆ ಕರೆದೊಯ್ಯಿರಿ. ಗೋಡಂಬಿ ರುಬ್ಬಿ ಬೆಣ್ಣೆ ತೇಲಿಸಿದ ಗ್ರೇವಿಯನ್ನು ಧೈರ್ಯವಾಗಿ ಉಣ್ಣಿ. ಮನೆಯ ಹೊರಗೆ ತಿಂದದ್ದು ಮನೆಯ ಪಥ್ಯಕ್ಕೆ ಸಂಬಂಧಿಸಿದ್ದಲ್ಲ. ಮಾಣಿಗೆ ಮಾತ್ರ "ಚಪಾತಿಗೆ ಎಣ್ಣೆ ಬೇಡ" ಎಂದು ಕಟ್ಟುನಿಟ್ಟಾಗಿ ಹೇಳಿ.

ಮಿಕ್ಕ ಸಾರನ್ನು ಚೆಲ್ಲಬೇಡಿ, ಫ್ರಿಜ್ಜಿನಲ್ಲಿಡಿ. ತಣ್ಣಗಾದ ಪಿಷ್ಟ ರಾತ್ರಿ ಕಳೆಯುವುದರಲ್ಲಿ ಬಿಗಿದುಕೊಳ್ಳುತ್ತದೆ. ಬೆಳಗ್ಗೆ ಪಾತ್ರೆ ಬೋರಲು ಹಾಕಿದರೂ ಸಾರು ಬೀಳುವುದಿಲ್ಲ. ನಿಮಗೆ ಬೇಕಾಗಿದ್ದ ಹದ ಇದೇ. ಅಂಚಿಗೆ ಚಾಕು ಆಡಿಸಿ ಬಿಡಿಸಿಕೊಳ್ಳಿ, ಬೆರಳಗಲದ ಬಿಲ್ಲೆಗಳಾಗಿ ಕೊಯ್ಯಿರಿ. ಕಾವಲಿಗೆ ಎಣ್ಣೆ ಧಾರಾಳವಾಗಿ ಬಿಟ್ಟು, ಎರಡೂ ಮಗ್ಗುಲು ಕೆಂಪಗೆ ಹುರಿಯಿರಿ.