ಗೆಡ್ಡೆ ಗುರುಗಳು

ಕ್ಯಾಸಲ್‌ರಾಕ್, ಜೋಯಿಡಾ ಕಡೆಯ ಹೋಂಸ್ಟೇಗಳಿಗೆ ಶನಿವಾರ ಬಂದು ಭಾನುವಾರ ಹೊರಡುವವರಲ್ಲಿ ಒಂದು ಬಗೆಯವರನ್ನು ಗೆಡ್ಡೆ ಗುರುಗಳು ಎನ್ನಬಹುದು. ಬರುವಾಗ ಇವರಿಗೆ ಗೆಣಸು ಗೊತ್ತಿರುತ್ತದೆ. ಹೋಗುವಾಗ ಗೆಣಸಿನ ತತ್ತ್ವಶಾಸ್ತ್ರವೇ ಗೊತ್ತಾಗಿರುತ್ತದೆ. ಗೆಣಸು ನಮ್ಮ ಋಷಿಮುನಿಗಳ ಆಹಾರವೆಂದು ಉಪದೇಶ ಶುರು. ಆದರೆ ಗೆಣಸಿನ ತವರು ಮಧ್ಯ ಅಥವಾ ದಕ್ಷಿಣ ಅಮೆರಿಕ. ಅದನ್ನು ಹಡಗಿನಲ್ಲಿ ಈ ಕಡೆಗೆ ತಂದವರು ಪೋರ್ಚುಗೀಸರೆಂಬುದು ಬಲ್ಲವರ ಮಾತು. 1961ರವರೆಗೆ ಅದೇ ಪೋರ್ಚುಗೀಸರ ಗೋವಾದ ಗಡಿಯಲ್ಲಿದ್ದ ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲೇ ನಿಂತು ಗುರುಗಳು ಈ ಉಪದೇಶ ಮಾಡುತ್ತಾರೆ. ಊರಿಗೆ ಮರಳಿದವರೇ ಅಡುಗೆಮನೆಗೆ ನುಗ್ಗಿ ಗೆಣಸನ್ನು 'ಗ್ಲೇಜ್' ಮಾಡುತ್ತಾರೆ. ನನ್ನ ವಾದ ಇಷ್ಟೇ: ಗುರುಗಳ ಬಳಿ ಜ್ಞಾನ ಬೇಕಾದಷ್ಟಿದೆ, ಕೊನೆಯ ಐದು ನಿಮಿಷ ಮಾತ್ರ ಇಲ್ಲ.

ಸಾಕ್ಷಿ ಬಾಣಲೆಯಲ್ಲೇ ಇದೆ. ಗೆಣಸನ್ನು ಒಂದೇ ಗಾತ್ರಕ್ಕೆ ಹೆಚ್ಚಿ, ಅಗಲ ಬಾಣಲೆಯಲ್ಲಿ ಒಂದೇ ಪದರವಾಗಿ ಹರಡಿ, ಅರ್ಧ ಮುಳುಗುವಷ್ಟು ನೀರು, ಚಿಟಿಕೆ ಉಪ್ಪು ಹಾಕಿ ಮುಚ್ಚಿ ಬೇಯಿಸಬೇಕು. ಹೋಳು ಮೆತ್ತಗಾದ ಮೇಲೆ ಬೆಲ್ಲ, ತುಪ್ಪ ಸೇರಿಸಿ, ಮುಚ್ಚಳ ತೆಗೆದು ನೀರು ಆರಿಸಬೇಕು. ನೀರು ಆರಿದಂತೆ ಪಾಕ ಗಟ್ಟಿಯಾಗಿ ತುಪ್ಪದೊಡನೆ ಹೋಳುಗಳಿಗೆ ಅಂಟುತ್ತದೆ, ಗ್ಲೇಜ್ ಎಂಬ ಹೊಳಪೆಂದರೆ ಇದೇ. ಇಲ್ಲಿಂದ ಸೀಯುವುದಕ್ಕೆ ಹೆಚ್ಚು ಹೊತ್ತು ಬೇಡ, ಸಣ್ಣ ಉರಿಯಲ್ಲಿ ಬಾಣಲೆ ಅಲುಗಿಸುತ್ತ ನಿಲ್ಲಬೇಕು. ಗುರುಗಳು ಫೋನು ಹಿಡಿದು ಬೆಳಕು ಹುಡುಕುವುದೂ ಅದೇ ಗಳಿಗೆಯಲ್ಲಿ. ಫೋಟೋದಲ್ಲಿ ಹೊಳಪು ಬರುತ್ತದೆ, ತಟ್ಟೆಗೆ ಕರಿ ಬರುತ್ತದೆ. ಅದಕ್ಕೆ ಅವರು ಕೊಡುವ ಹೆಸರು 'ಸ್ಮೋಕಿ ಫ್ಲೇವರ್'.

ಇಂಥವರಿಂದಲೇ ಅಲ್ಲವೇ ಗೆಡ್ಡೆಗೆ ಮಾರುಕಟ್ಟೆ ಎಂದು ಕೇಳುವವರಿದ್ದಾರೆ. ಮಾತು ಅರ್ಧ ನಿಜ. ಜೋಯಿಡಾದ ಗೆಡ್ಡೆ ಗೆಣಸು ಮೇಳದಲ್ಲಿ ಕುಣಬಿ ಸಮುದಾಯದ ಹೆಂಗಸರು ಮಣ್ಣು ಮೆತ್ತಿದ ಮುಡ್ಲಿ, ಕೋನ ಗೆಡ್ಡೆಗಳನ್ನು ರಾಶಿ ಹಾಕಿ ಕೂತಿರುತ್ತಾರೆ. ಗುರುಗಳು ಮುಡ್ಲಿಯ ಜೊತೆ ಫೋಟೋ ತೆಗೆಸಿಕೊಂಡು, ಕೊಳ್ಳುವುದು ಒಂದು ಕಿಲೋ ಗೆಣಸನ್ನು. ಮುಡ್ಲಿಯ ಸಿಪ್ಪೆ ಸುಲಿದರೆ ಕೈ ತುರಿಸೀತು ಎಂಬ ಜ್ಞಾನವೂ ಅವರಿಗಿದೆ. ಇನ್ನು ಕೆಲವರು, ಉಪ್ಪು ಹಾಕಿ ಬೇಯಿಸಿದರೆ ಸಾಲದೇ, ಈ ಹೊಳಪಿನ ಹುಚ್ಚು ಯಾಕೆ ಎನ್ನುತ್ತಾರೆ. ಇಲ್ಲಿ ನಾನು ಗುರುಗಳ ಪಕ್ಷ. ಗೆಣಸಿಗೆ ಬೆಲ್ಲ ಸೇರಿಸುವುದು ನಮ್ಮ ಅಡುಗೆಮನೆಗೆ ಹೊಸದಲ್ಲ, ಹೊಸದು ಅದರ ಇಂಗ್ಲಿಷ್ ಹೆಸರು. ಕಡೇಪಕ್ಷ ಗಂಡಸೊಬ್ಬ ಒಲೆಯ ಮುಂದೆ ನಿಂತನಲ್ಲ ಎಂಬ ಸಮಾಧಾನವನ್ನು ಮಾತ್ರ ಒಪ್ಪಲಾರೆ. ಗುರುಗಳು ನಿಂತ ಒಲೆಯನ್ನು ಒರೆಸಲು ಇನ್ನೊಬ್ಬರು ನಿಲ್ಲಬೇಕಾಗುತ್ತದೆ. ಆದ್ದರಿಂದ ತೀರ್ಪು ಹೀಗೆ: ಅವರು ಧಾರಾಳವಾಗಿ ಗ್ಲೇಜ್ ಮಾಡಲಿ, ಆದರೆ ಮುಡ್ಲಿಯ ಸಿಪ್ಪೆಯನ್ನೂ ಅವರೇ ಸುಲಿಯಲಿ, ತಳ ಹಿಡಿದ ಬಾಣಲೆಯನ್ನೂ ಅವರೇ ಉಜ್ಜಲಿ.